ಸೀಟಿಯಣ್ಣನ ಸಾರ್ವಜನಿಕರು

ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ನಮ್ಮ ಸೀಟಿಯಣ್ಣ ಆಟದ ಪಂಡಿತನಾದದ್ದು ಹಾಗೆಯೇ. ಪತ್ರಿಕೆಯ ಕ್ರೀಡಾಪುಟಕ್ಕೆ ಬೇರೆ ಯಾರೂ ಗತಿಯಿರಲಿಲ್ಲ. ‘ಸೀಟಿ’ ಎಂಬ ಅಂಕಣ ಬರೆದೂ ಬರೆದೂ ಅದೇ ಹೆಸರು ಅವನಿಗೆ ಅಂಟಿಕೊಂಡಿತು. ಮೈದಾನದ ಗೆರೆಯ ಪಕ್ಕ ನಿಂತು, ಚಪ್ಪಲಿಗೆ ಕೆಸರು ಮೆತ್ತಿಸಿಕೊಂಡು ಬರೆದ ಆ ಅಂಕಣಗಳಲ್ಲಿ ಸುಳ್ಳಿರಲಿಲ್ಲ. ಸುಳ್ಳು ಬಂದದ್ದು ರೇಡಿಯೊ ಜೊತೆಗೆ.

ಅಲ್ಲಿ ಅವನಿಗೆ ಸಿಕ್ಕಿದ್ದು ಆಟದ ಬಗ್ಗೆ ಸಂಜೆಯ ಕಾರ್ಯಕ್ರಮ. ಕೇಳುಗರು ಫೋನ್ ಮಾಡಬೇಕು, ಇವನು ಮಾತಾಡಿಸಬೇಕು. ಒಂದು ನರಪಿಳ್ಳೆಯೂ ಫೋನ್ ಮಾಡಲಿಲ್ಲ. “ಹೀಗೇ ಆದ್ರೆ ಆ ಹೊತ್ತಿಗೆ ಹಾಡು ಹಾಕ್ಬಿಡ್ತೀವಿ” ಎಂದರು ಮ್ಯಾನೇಜರು. ಸೀಟಿಯಣ್ಣ ಮನೆಗೆ ಬಂದು ಹೆಂಡತಿಯ ತಮ್ಮನನ್ನು ಹಿಡಿದ. ಭಾಮೈದನಿಗೆ ಕೆಲಸವಿರಲಿಲ್ಲ, ಗಂಟಲಿತ್ತು. ಫೋನಿನಲ್ಲಿ ಒಂದು ದಿನ ಲಾರಿ ಡ್ರೈವರ್ ಆದ, ಮರುದಿನ ನಿವೃತ್ತ ಮೇಷ್ಟ್ರಾಗಿ ಕೆಮ್ಮಿದ. ಬೈಯಲು ಯಾರಾದರೂ ಬೇಕಲ್ಲ, ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಸಿಕ್ಕ. “ಅವನ ಕೈಗೆ ಬೆಣ್ಣೆ ಹಚ್ಚಿದಾರೇನ್ರೀ?” ಎಂದು ಡ್ರೈವರ್ ರೇಗಿದರೆ, “ಇಂಥವನಿಂದ ಊರಿನ ಮಾನ ಹೋಯ್ತಪ್ಪ” ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು. ಅಂಗಡಿ ಅಂಗಡಿಯಲ್ಲೂ ಜನ ರೇಡಿಯೊಗೆ ಕಿವಿಗೊಟ್ಟರು. ಮ್ಯಾನೇಜರು ಸೀಟಿಯಣ್ಣನ ಬೆನ್ನು ತಟ್ಟಿದರು.

ಆಮೇಲೊಂದು ದಿನ, ಜನರ ಸಿಟ್ಟಿಗೆ ಮಣಿದು ಗೋಲ್‌ಕೀಪರನನ್ನು ಕೈಬಿಟ್ಟಿದ್ದೇವೆ ಎಂದು ತಂಡದ ಸಮಿತಿ ಹೇಳಿತು. ಆ ಜನವೆಲ್ಲ ಸೀಟಿಯಣ್ಣನ ಮನೆಯಲ್ಲೇ ಕೂತು ಎರಡನೇ ಸಲ ಬಡಿಸಿಕೊಳ್ಳುತ್ತಿತ್ತು. ಎದುರಿಗೆ ಕೂತ ಭಾವ ಮಾತ್ರ ಅನ್ನ ಕಲಸುತ್ತಲೇ ಇದ್ದ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಆ ಹುಡುಗನ ಆಟವೇ ಹೋಗುತ್ತದೆ. ನಾಳೆ ಹೇಳಿಬಿಡುತ್ತೇನೆ ಎಂದುಕೊಂಡ.

ಮರುದಿನ ಕಾರ್ಯಕ್ರಮಕ್ಕೆ ಗೋಲ್‌ಕೀಪರನೇ ಫೋನ್ ಮಾಡಿದ.

“ಅಣ್ಣಾ, ಜಗಳಕ್ಕೆ ಮಾಡಿದ್ದಲ್ಲ. ಆ ಮೇಷ್ಟ್ರ ಮನೆ ಎಲ್ಲಿ ಅಂತ ಹೇಳ್ತೀರಾ? ಹೋಗಿ ಕ್ಷಮೆ ಕೇಳ್ಬೇಕು. ವಯಸ್ಸಾದವ್ರು, ನನ್ನಿಂದ ಅಷ್ಟು ನೊಂದ್ಕೊಂಡಿದಾರೆ.”

ಅಂಥ ಮೇಷ್ಟ್ರೇ ಇಲ್ಲ ಕಣಪ್ಪ ಎಂದು ಸೀಟಿಯಣ್ಣ ಹೇಳಬೇಕಿತ್ತು, ಅಷ್ಟೇ. ಬಾಯಿ ತೆರೆದ. ಅಷ್ಟರಲ್ಲಿ ಇನ್ನೊಂದು ಫೋನಿನ ದೀಪ ಮಿನುಗಿತು. ಅದು ಭಾಮೈದನ ಸರದಿ. ಬೆರಳು ತಾನಾಗಿಯೇ ಆ ಕರೆ ಸೇರಿಸುವ ಗುಂಡಿ ಒತ್ತಿತು ಎಂದು ಆಮೇಲೆ ಹೆಂಡತಿಗೆ ಹೇಳಿದನಂತೆ, ಒತ್ತಿದವನು ಅವನೇ.

ಮೇಷ್ಟ್ರು ಕೆಮ್ಮಿದರು. “ಕೇಳಿಸ್ಕೊಂಡೆ ಮಗು. ಮನೆಗೆಲ್ಲ ಬರೋದು ಬೇಡ. ಕ್ಷಮಿಸಿದೀನಿ, ಹೋಗು.”

ಆ ಕಡೆ ಮೂಗೆಳೆದುಕೊಂಡ ಸದ್ದಾಯಿತು. “ದೊಡ್ಡ ಮನಸ್ಸು ನಿಮ್ದು ಮೇಷ್ಟ್ರೇ. ಇನ್ನು ನಿದ್ದೆ ಬರುತ್ತೆ ನಂಗೆ.”

ಭೂಮಿ ಬಾಯಿಬಿಟ್ಟಿದ್ದರೆ ಸೀಟಿಯಣ್ಣ ಇಳಿದುಬಿಡುತ್ತಿದ್ದ, ಅಷ್ಟು ನಾಚಿಕೆಯಾಯಿತು. ಗಾಜಿನಾಚೆ ನಿಂತ ಮ್ಯಾನೇಜರು ಕಣ್ಣೊರೆಸಿಕೊಳ್ಳುತ್ತ, ಮುಂದುವರಿಸು ಎಂದು ಕೈ ತಿರುಗಿಸಿದರು. ಸೀಟಿಯಣ್ಣ ಮೈಕಿಗೆ ಬಾಗಿದ.

“ಫೋನ್ ಮಾಡಿದ್ದಕ್ಕೆ ಧನ್ಯವಾದ ಮೇಷ್ಟ್ರೇ” ಎಂದ.