ಜಾಡಿಯ ಕೆಳಗಿನ ಷರತ್ತುಗಳು

ಪೊಂಗಲ್ ಹಿಂದಿನ ದಿನದ ಭೋಗಿಗೆ ಎರಡು ದಿನ ಮೊದಲು ಅಟ್ಟ ಖಾಲಿ ಮಾಡುತ್ತಿದ್ದೆ. ಅಟ್ಟಕ್ಕೆ ಅಮ್ಮ ಪರಣ್ ಎನ್ನುತ್ತಾಳೆ. ಇಪ್ಪತ್ತೈದು ವರ್ಷ ತ್ರಿಪ್ಲಿಕೇನಿನಲ್ಲಿ ಸಂಸಾರ ಮಾಡಿದ ಮೇಲೆ ಮೈಸೂರಿನ ಮಾತಿಗೆ ಅಷ್ಟಾದರೂ ತಮಿಳು ಸೇರದಿದ್ದರೆ ಹೇಗೆ? ಹಿತ್ತಾಳೆಯ ಹಂಡೆಯ ಹಿಂದೆ ಹಿಂಗಿನ ಹಳೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದಾಗ ಹಿಂಗು ಇರಲಿಲ್ಲ, ವಾಸನೆ ಮಾತ್ರ ಇತ್ತು. ತಳದಲ್ಲಿ ನಾಲ್ಕಾಗಿ ಮಡಿಚಿದ ಕಾಗದ, ಅದರ ಅಂಚಿನಲ್ಲಿ ಗಣಕದ ಮುದ್ರಣ ಕಾಗದಕ್ಕಿರುವಂತೆ ಸಾಲಾಗಿ ಸಣ್ಣ ತೂತುಗಳು. ನಾನು ಏಣಿಯ ಮೇಲೆಯೇ ಕೂತುಬಿಟ್ಟೆ. ಕಾಗದವನ್ನು ಬಿಡಿಸುವ ಮೊದಲು, ಅದನ್ನು ಹಿಂದೆ ನಾನು ಎಷ್ಟು ಹುಡುಕಿದ್ದೆ ಎಂದು ನಿಮಗೆ ಹೇಳಬೇಕು.

ಎಂ.ಎಸ್ಸಿ. ಮುಗಿಸಿ ಗಿಂಡಿಯ ಹತ್ತಿರದ ಒಂದು ಗಣಕ ಕೇಂದ್ರಕ್ಕೆ ಸೇರಿದ್ದೆ. ತಾತ್ಕಾಲಿಕ ಹುದ್ದೆ. ಮುಖ್ಯಸ್ಥರಾದ ರಾವ್ ಅವರದು ಉಡುಪಿ ಕಡೆಯ ಮನೆತನ. ಅವರ ತಂದೆಯ ಹೋಟೆಲು ನಮ್ಮ ಮನೆಗೆ ಎರಡು ಬೀದಿ ಆಚೆ. ಎಲ್ಲರೆದುರು ಇಂಗ್ಲಿಷ್ ಮಾತನಾಡುತ್ತಿದ್ದ ಅವರು ಸಂತೋಷವಾದಾಗ ಮತ್ತು ಸಿಟ್ಟು ಬಂದಾಗ ನನ್ನೊಡನೆ ಕನ್ನಡಕ್ಕೆ ತಿರುಗುತ್ತಿದ್ದರು.

ಸೇರಿದ ಮೊದಲ ವಾರ ಡಿಸ್ಕು ತುಂಬಿಹೋಗಿತ್ತು. ಜಾಗ ಮಾಡಿಕೊಡಿ ಎಂದರು. ವಿದೇಶದ ವಿಶ್ವವಿದ್ಯಾಲಯವೊಂದು ಉಚಿತವಾಗಿ ಕಳಿಸಿದ್ದ ಮೂವತ್ತೆರಡು ಪ್ರೋಗ್ರಾಂಗಳು ಅದರಲ್ಲಿದ್ದವು. ಪ್ರತಿ ಫೈಲಿನಲ್ಲೂ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ, ಓದುವ ಮನುಷ್ಯರಿಗಾಗಿ ಮಾತ್ರ ಬರೆದ ಸಾಲುಗಳಿರುತ್ತವೆ. ಆ ಸಾಲುಗಳನ್ನೆಲ್ಲ ಅಳಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು ಓಡಿಸಿದೆ. ಡಿಸ್ಕಿನಲ್ಲಿ ಧಾರಾಳ ಜಾಗವಾಯಿತು. "ಭೇಷ್ ಮಾರಾಯ್ರೆ!" ಎಂದರು ರಾವ್. ಪ್ರೋಗ್ರಾಂಗಳು ಬಂದಿದ್ದ ಮೂಲ ಟೇಪನ್ನು ಅಳಿಸಿ ಅದಕ್ಕೆ ಪರೀಕ್ಷೆಯ ಫಲಿತಾಂಶ ತುಂಬಲಾಯಿತು. ಅಳಿಸುವ ಮೊದಲು ತೆಗೆದಿದ್ದ ಮುದ್ರಿತ ಪ್ರತಿಗಳು ರದ್ದಿಗೆ ಸೇರಿದವು. ರದ್ದಿಯನ್ನು ಸಿಬ್ಬಂದಿ ಹಂಚಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಆ ಸಲದ ಕಟ್ಟನ್ನು ನಾನೇ ಮನೆಗೆ ತಂದೆ. ಜಾಣತನ ಮಾಡಿದೆನೆಂಬ ಹೆಮ್ಮೆ ನನಗೆ ಸುಮಾರು ಒಂದು ವರ್ಷ ಇತ್ತು.

ವರ್ಷದ ಕೊನೆಗೆ ಆ ಪ್ರೋಗ್ರಾಂಗಳನ್ನು ಟೇಪಿಗೆ ತುಂಬಿ ಹನ್ನೆರಡು ಕಾಲೇಜುಗಳಿಗೆ ಕಳಿಸುವುದೆಂದಾಯಿತು. ಕೆಲಸ ನನ್ನದು. ಇದು ಚೆನ್ನಾಗಿ ಆದರೆ ಹುದ್ದೆ ಖಾಯಂ ಎಂದು ರಾವ್ ಸೂಚಿಸಿದ್ದರು. ಮೂಲ ಟೇಪಿನೊಡನೆ ಬಂದಿದ್ದ ಪತ್ರವನ್ನು ನಾನು ಆಗಲೇ ಮೊದಲ ಬಾರಿ ಓದಿದ್ದು. ಅದರಲ್ಲಿ ಹೀಗಿತ್ತು: ಬೇರೆಯವರಿಗೆ ಕೊಡುವ ಮೊದಲು ಪ್ರತಿ ಫೈಲಿನ ತಲೆಯಲ್ಲಿರುವ ಷರತ್ತು ನೋಡಿಕೊಳ್ಳಿ. ಮೊದಲ ಫೈಲು ತೆರೆದೆ. ತಲೆ ಇರಲಿಲ್ಲ. ಮೂವತ್ತೆರಡಕ್ಕೂ ಇರಲಿಲ್ಲ. ಬರೆದವರ ಹೆಸರು, ಯಾರಿಗೆ ಕೊಡಬಹುದು, ಕೊಡಬಾರದು, ಎಲ್ಲವೂ ಜಾಗ ಮಾಡಲು ನಾನು ಅಳಿಸಿದ ಸಾಲುಗಳೊಡನೆ ಹೋಗಿದ್ದವು. ಆ ವಿಶ್ವವಿದ್ಯಾಲಯಕ್ಕೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ಉಳಿದಿದ್ದದ್ದು ರದ್ದಿ. ಅದು ಅಮ್ಮನ ಅಡುಗೆಮನೆಯ ಕಪಾಟುಗಳಲ್ಲಿ ಹಾಸಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಜಾಡಿಗಳನ್ನು ಇಳಿಸತೊಡಗಿದೆ.

"ಉಪ್ಪಿನಕಾಯಿ ಜಾಡಿ ಮುಟ್ತಿದೀಯಲ್ಲೇ, ಸ್ನಾನ ಆಯ್ತಾ?"

"ಆಯ್ತಮ್ಮ. ಕೆಳಗಿನ ಕಾಗದ ಬೇಕು."

"ಕೊಟ್ಟ ರದ್ದೀನ ವಾಪಸ್ ಕೇಳ್ತಾರಾ? ಚೆನ್ನಾಗಿದೆ ಕಣೆ ನಿಮ್ಮ ಆಫೀಸು! ಉಪ್ಪಿನಕಾಯೀನೂ ಜೊತೇಲಿ ಕಳಿಸಬೇಕಂತಾ?"

"ಬೇಡಮ್ಮ. ಕಾಗದ ಸಾಕು."

"ಶರಿ ಶರಿ. ಬೇರೆ ಹಾಸಿಕೊಟ್ಟು ಹೋಗು ಮತ್ತೆ."

ಅಮ್ಮ ಕನ್ನಡ ಬಿಟ್ಟು ಬೇರೆ ಅಕ್ಷರ ಓದಿದವಳಲ್ಲ. ಆದರೆ ಅಕ್ಷರದ ಮೇಲೆ ಎಣ್ಣೆ ಜಿಡ್ಡು ಇಡಬಾರದೆಂದು ಎಲ್ಲ ಹಾಳೆಗಳನ್ನೂ ಬೋರಲು ಹಾಸಿದ್ದಳು. ಖಾಲಿ ಬದಿಯ ಮೇಲೆ ಜಾಡಿಗಳ ಬಳೆಯಂಥ ಕಲೆಗಳು. ತಿರುಗಿಸಿದರೆ ಅಕ್ಷರಗಳು ಹಾಗೆಯೇ ಇದ್ದವು. ಸಂಜೆಯ ಹೊತ್ತಿಗೆ ಮೂವತ್ತೊಂದು ಫೈಲುಗಳ ತಲೆ ಸಿಕ್ಕಿತು. ಹೆಚ್ಚಿನವು ಯಾರಾದರೂ ಹಂಚಬಹುದು, ಈ ಸಾಲುಗಳನ್ನು ಮಾತ್ರ ತೆಗೆಯಬೇಡಿ ಎನ್ನುತ್ತಿದ್ದವು. ಓದುವಾಗ ಕಿವಿ ಬಿಸಿಯಾಯಿತು. ಎರಡರಲ್ಲಿ ಹೊರಗಿನವರಿಗೆ ಕೊಡಕೂಡದೆಂದು ಸ್ಪಷ್ಟವಾಗಿತ್ತು. ಅವನ್ನು ಪಟ್ಟಿಯಿಂದ ತೆಗೆದೆ.

ಸಿಗದೆ ಹೋದದ್ದು ಒಂದೇ: ವೇಳಾಪಟ್ಟಿ ಹಾಕುವ ಪ್ರೋಗ್ರಾಂ. ಕಾಲೇಜುಗಳು ಕಾಯುತ್ತಿದ್ದದ್ದು ಅದಕ್ಕೇ.

ಸೋಮವಾರ ರಾವ್ ಹಾಳೆಗಳನ್ನು ಕೈಗೆತ್ತಿಕೊಂಡು ಮೂಸಿದರು. ಹೋಟೆಲಿನ ಮನೆಯವರಲ್ಲವೇ?

"ಎಂಥ ಮಾರಾಯ್ರೆ, ಒಳ್ಳೇ ಮಿಡಿ ಉಪ್ಪಿನಕಾಯಿ ಪರಿಮಳ ಬರ್ತಾ ಉಂಟಲ್ಲ?"

ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖದ ನಗು ಹೋಯಿತು.

"ಆ ಒಂದಕ್ಕೆ ಬೇರೆ ಫೈಲಿನ ತಲೆಯನ್ನೇ ಹಾಕಿ. ಎಲ್ಲ ಹೆಚ್ಚುಕಡಿಮೆ ಒಂದೇ ಥರ ಉಂಟು."

"ಎರಡು ಬೇರೆ ಥರ ಇದ್ದವು ಸರ್."

"ಬರೆದವ ಎಲ್ಲೋ ಅಮೆರಿಕದಲ್ಲಿ ಕೂತಿದ್ದಾನೆ. ನಿಮ್ಮ ಟೇಪು ನೋಡ್ಲಿಕ್ಕೆ ಇಲ್ಲಿಗೆ ಬರ್ತಾನಾ?"

"ಬರಲ್ಲ ಸರ್. ಆದರೆ ಅವನು ಏನು ಹೇಳಿದ್ದ ಅಂತ ನಮಗೆ ಗೊತ್ತಿಲ್ಲ."

"ಗೊತ್ತಿಲ್ಲದ ಹಾಗೆ ಮಾಡಿದ್ದು ಯಾರು?"

"ನಾನೇ ಸರ್. ಅದಕ್ಕೇ ಕಳಿಸೋಕಾಗಲ್ಲ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ಹನ್ನೆರಡು ಕಾಲೇಜಿಗೂ ಕಾರಣ ನೀವೇ ಬರೀರಿ. ನಿಮ್ಮ ಹೆಸರಿನಲ್ಲಿ," ಎಂದರು.

ಬರೆದೆ. ನನ್ನ ತಪ್ಪಿನಿಂದ ಎಂಬ ಮಾತನ್ನು ಹನ್ನೆರಡು ಸಲ ಟೈಪು ಮಾಡಿದೆ. ಕೊನೆಕೊನೆಗೆ ಬೆರಳಿಗೆ ಅದು ರೂಢಿಯಾಯಿತು. ಇಪ್ಪತ್ತೊಂಬತ್ತು ಪ್ರೋಗ್ರಾಂಗಳು ತಮ್ಮ ತಲೆಗಳೊಡನೆ ಹೋದವು. ನನ್ನ ಹುದ್ದೆ ಇನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಉಳಿಯಿತು. ಆಮೇಲೆ ಖಾಯಂ ಆಯಿತು. ಫೈಲುಗಳ ತಲೆ ಓದುವ ಕೆಲಸವನ್ನು ಮಾತ್ರ ಅಂದಿನಿಂದ ರಾವ್ ನನ್ನನ್ನು ಬಿಟ್ಟು ಬೇರೆ ಯಾರಿಗೂ ಕೊಡಲಿಲ್ಲ. ಆ ತಲೆಯಿಲ್ಲದ ಪ್ರೋಗ್ರಾಂ ಈಗಲೂ ನಮ್ಮ ಡಿಸ್ಕಿನ ಮೂಲೆಯಲ್ಲಿದೆ. ಅದನ್ನು ಬರೆದವನನ್ನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ: ಗಡ್ಡ, ದಪ್ಪ ಕನ್ನಡಕ, ಪೈಪು.

ಇಷ್ಟೆಲ್ಲ ನೆನೆದು, ಏಣಿಯ ಮೇಲೆ ಕೂತೇ ಆ ಕಾಗದ ಬಿಡಿಸಿದೆ. ಮೊದಲ ಸಾಲಿನಲ್ಲೇ ವೇಳಾಪಟ್ಟಿ ಎಂಬ ಪದ. ಕೆಳಗೆ ನಾಲ್ಕು ಸಾಲು: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ನನ್ನ ಹೆಸರು ಜೊತೆಗಿರಲಿ. ಅದರ ಕೆಳಗೆ ಹೆಸರು. ಹೆಂಗಸಿನ ಹೆಸರು.

"ಏನು ಸಿಕ್ತೇ?" ಕೆಳಗಿನಿಂದ ಅಮ್ಮ ಕೇಳಿದಳು.

"ಆಫೀಸಿನ ಕಾಗದ."

"ಇನ್ನೂ ಮುಗೀಲಿಲ್ವಾ ಅವರದ್ದು?"

ಪೊಂಗಲ್ ರಜೆ ಮುಗಿದ ದಿನ ಆ ಫೈಲು ತೆರೆದು, ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ನೋಡಿ ತಲೆಯ ಸಾಲುಗಳನ್ನು ಮತ್ತೆ ಟೈಪು ಮಾಡಿದೆ. ಮುಂದಿನ ಟೇಪಿನ ಪಟ್ಟಿಗೆ ಸೇರಿಸಿ ರಾವ್ ಅವರ ಸಹಿಗೆ ಇಟ್ಟೆ. ಅವರು ಓದಿದರು, ಹಾಳೆಯನ್ನು ಮೂಸಿದರು, "ಈ ಸಲ ಹಿಂಗು," ಎಂದು ಸಹಿ ಹಾಕಿದರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ ಜಾಗದಲ್ಲಿ ಈಗ ಇದೆ.