ಪಕ್ಕದ ಕಣದ ಅಕ್ಕ

ಸರ್... ಸರ್... ಎಂದು ಮರದ ಹಲಗೆ ಕಣದಲ್ಲಿ ಹರವಿದ ಕಾಫಿಯನ್ನು ಎಳೆಯುವ ಸದ್ದು. ಕಾಯಿ ಒಣಗುತ್ತಾ ಬಂದಂತೆ ಅದೇ ಸದ್ದು ಗಲಗಲ ಆಗುತ್ತದೆ. ತೊಂಬತ್ತರ ದಶಕದ ಜನವರಿಗಳಲ್ಲಿ, ಹೆಗ್ಗದ್ದೆ ಕಡೆಯ ನಮ್ಮ ತೋಟದ ಮನೆಯಲ್ಲಿ, ಮಂಜು ಅರ್ಧ ಕರಗಿದ ಹೊತ್ತಿಗೆ ನಾನು ಜಗಲಿಯ ಈಸಿಚೇರಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಸದ್ದಷ್ಟೇ ಬರುತ್ತಿತ್ತು, ಬೆಳ್ಳನೆಯ ಮಂಜಿನ ಆಚೆಯಿಂದ, ಯಾರೂ ಇಲ್ಲದೆ ತಾನೇ ಆಗುತ್ತಿದೆಯೇನೋ ಎಂಬಂತೆ.

ಯಾರೆಂದು ನನಗೆ ಗೊತ್ತಿತ್ತು. ಅಕ್ಕ, ನನ್ನ ಯಜಮಾನರ ಅಣ್ಣನ ಹೆಂಡತಿ. ಆಸ್ತಿ ಪಾಲಾದ ಮೇಲೆ ಒಂದು ಗಾಡಿದಾರಿಯ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಅವರ ಹಿಂದೆ ನಾವೂ. ಎರಡು ಮನೆಯ ಕಾಫಿ ಕಣದ ನಡುವೆ ಒಂದು ಸಾಲು ಕಲ್ಲು, ಅಷ್ಟೇ ಬೌಂಡರಿ. ಕಾನ್ವೆಂಟಿನಿಂದ ನೇರ ಈ ಕಾಡಿಗೆ ಬಂದವಳು ನಾನು. ನನ್ನ ಇಂಗ್ಲಿಷಿಗೆ ನಕ್ಕು ನಕ್ಕು ಇಲ್ಲಿಯ ಬದುಕು ಕಲಿಸಿದವರು ಅಕ್ಕ. ದಾರಿ ಅವರ ಪಾಲಿಗೆ ಹೋದದ್ದಕ್ಕೆ ನನಗೆ ದುಃಖವಿರಲಿಲ್ಲ. ಅಕ್ಕನ ಮಾತು ವಾಪಸ್ ಬೇಕಿತ್ತು.

ಆಗ ಸಕಲೇಶಪುರದಲ್ಲಿ ವಾರಕ್ಕೊಮ್ಮೆ ಪ್ರವಚನ ನಡೆಯುತ್ತಿತ್ತು. ರಿಟೈರ್ಡ್ ಹೆಡ್‌ಮಾಸ್ಟರೊಬ್ಬರು ಜ್ಞಾನ, ಭಕ್ತಿ, ಧ್ಯಾನ, ಕರ್ಮ ಎಂದು ದಾರಿಗಳನ್ನು ಬಿಡಿಸಿ ಹೇಳುತ್ತಿದ್ದರು. ಚಾಪೆಲ್ಲಿನ ಹಾಡುಗಳಲ್ಲಿ ಬೆಳೆದ ನನಗೆ ಭಕ್ತಿ ಸುಲಭವಾಗಿತ್ತು. ನಿಷ್ಕಾಮ ಕರ್ಮ, ಸೆಲ್ಫ್‌ಲೆಸ್ ಆ್ಯಕ್ಷನ್, ಕೇಳಲು ಇಂಪು. ಜೋಕಾಲಿಯಲ್ಲಿ ಕೂತಂತೆ ತೂಕಡಿಕೆ ಬರುತ್ತಿತ್ತು. ಒಂದು ದಿನ ಅದನ್ನು ಕೇಳಿ ಹೊರಗೆ ಬಂದರೆ ಅಕಾಲದ ಮಳೆ.

"ಹೋಯ್ತು ಕಣೆ, ವರ್ಷದ ಕಾಫಿ ಹೋಯ್ತು," ಎನ್ನುತ್ತಾ ಯಜಮಾನರು ಜೀಪು ಓಡಿಸಿದರು. ಕೂಲಿ ಲೈನಿನ ಆಳುಗಳೆಲ್ಲ ಸಂತೆಗೆ ಹೋಗಿದ್ದರು.

ಬಂದು ನೋಡಿದರೆ ನಮ್ಮ ಕಾಫಿ ಗುಡ್ಡೆಯಾಗಿ, ಟಾರ್ಪಾಲಿನಡಿ ಬೆಚ್ಚಗಿತ್ತು. ಅಂಚಿಗೆಲ್ಲ ಕಲ್ಲು ಹೇರಲಾಗಿತ್ತು. ಆಚೆ ಅಕ್ಕ ಒಬ್ಬರೇ, ಸೀರೆ ಎತ್ತಿ ಕಟ್ಟಿ, ತಮ್ಮ ನೆನೆದ ಕಾಫಿಯನ್ನು ಗುಡ್ಡೆಗೆ ಎಳೆಯುತ್ತಿದ್ದರು. ಯಜಮಾನರು ಒಂದು ಗಳಿಗೆ ನಿಂತು, ತಲೆ ತಗ್ಗಿಸಿ ಒಳಗೆ ಹೋದರು. ನಾನು ಕಲ್ಲು ದಾಟಿದೆ.

"ಅಕ್ಕಾ, ಥ್ಯಾಂಕ್ಸ್..."

"ನಿನ್ ಥ್ಯಾಂಕ್ಸ್ ಒಲೆಗಾಕು. ಆ ತುದಿ ಹಿಡ್ಕೋ."

ಟಾರ್ಪಾಲಿನ ತುದಿ ಹಿಡಿದೆ. "ನಿಮ್ದು ನೆಂದುಹೋಯ್ತಲ್ಲ. ಮೊದ್ಲು ನಮ್ದ್ಯಾಕೆ ಮುಚ್ಚಿದ್ರಿ?"

"ನಿಮ್ ಕಣ ತಗ್ಗಲ್ಲೈತೆ, ನೀರು ನಿಂತ್ಕತದೆ. ನಮ್ದು ಹರ್ದು ಹೋಯ್ತದೆ. ಮಳೆ ಬಂದಾಗ ಹತ್ರ ಇದ್ದೋರು ಮುಚ್ಚೋದು ಕಣೆ. ಯಾರ್ದು ಅಂತ ಕೇಳ್ಕಂಡು ಕೂತಿರ್ತಾರಾ?"

"ಹಂಗಾದ್ರೆ ಇನ್ಮೇಲೆ ಮಾತಾಡ್ತೀರಾ?"

ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ಇದಕ್ಕೆ ಅದು, ಅದಕ್ಕೆ ಇದು ಅನ್ನಕ್ಕೆ ನಾನೇನ್ ಅಂಗಡಿ ಇಟ್ಟಿದೀನಾ ಮಾರಾಯ್ತಿ? ಅವರಿಬ್ರು ಸರಿ ಹೋಗ್ಲಿ, ಆಮೇಲೆ ನೋಡನ. ಹೋಗು, ಶೀತ ಆಗ್ಬುಡ್ತದೆ."

ಅವರಿಬ್ಬರು ಸರಿಹೋಗಲಿಲ್ಲ. ಮರುದಿನದಿಂದ ಮತ್ತೆ ಮಂಜು, ಮತ್ತೆ ಮೌನ. ಆ ಟಾರ್ಪಾಲನ್ನು ನನಗೆ ಬರೆದ ಸಂದೇಶವೆಂದು ವರ್ಷಗಟ್ಟಲೆ ಓದಿಕೊಂಡೆ. ನನ್ನ ಮೇಲಿನ ಪ್ರೀತಿಗೆ ಮಾಡಿದರೋ, ಬರೀ ಕಾಫಿಗಾಗಿ ಮಾಡಿದರೋ? ಮಾಡಿದವರಿಗೆ ಫಲ ಬೇಕಿರಲಿಲ್ಲ. ಬೇಕಿದ್ದುದು ನನಗೆ. ಆ ಹೆಡ್‌ಮಾಸ್ಟರು ಪಡೆದವರ ಯೋಗ ಯಾವುದೆಂದು ಹೇಳಿಯೇ ಇರಲಿಲ್ಲ.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಮಗ್ಗೆಯಲ್ಲಿ, ನೆಂಟರ ಮದುವೆಯ ಊಟದಲ್ಲಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆದರೂ ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತಾ ಬಂದರು. ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದೆ.

"ಕೈ ತೆಗಿ," ಅಂದರು.

ತೆಗೆದೆ. ತುಂಬಿದ ಸೌಟು, ಮೇಲೊಂದು ಸೌಟು. ಇದು ನನಗೇ ಎಂದುಕೊಂಡೆ. ಪಕ್ಕದಲ್ಲಿ ಯಾರೋ ಗುರುತಿಲ್ಲದ ಹುಡುಗಿ, ಅವಳೂ ಕೈ ಅಡ್ಡ ಹಿಡಿದಳು. "ಕೈ ತೆಗಿ." ಅದೇ ದನಿ, ಅಷ್ಟೇ ಪಾಯಸ.

ಶುಗರ್ ಇದ್ದವಳು ನಾನು, ಒಂದು ತೊಟ್ಟೂ ಬಿಡದೆ ಉಂಡೆ. ತಲೆ ಎತ್ತಿದಾಗ ಅಕ್ಕ ನಮ್ಮ ಸಾಲು ಮುಗಿಸಿ ಆಚೆ ಸಾಲಿಗೆ ತಿರುಗುತ್ತಿದ್ದರು.