ಹಳದಿಗಟ್ಟಿದ ಹೆಡ್‌ಲೈಟು ಮತ್ತು ಅಮ್ಮನ ಕಣ್ಣು

ಮಿತ್ರರೇ, ಕತ್ತಲಾದ ಮೇಲೆ ಕಾರು ಓಡಿಸುವುದನ್ನು ನನ್ನ ಅಮ್ಮ ಬಿಟ್ಟಿದ್ದರು; ಅದರೊಂದಿಗೆ ಕದ್ರಿಯ ಸಂಜೆಯ ಸಂಗೀತ ತರಗತಿಯನ್ನೂ. ರಾತ್ರಿ ರಸ್ತೆ ಮಂಜಾಗಿ ಕಾಣುತ್ತದೆ ಎನ್ನುತ್ತಿದ್ದರು; ಕಣ್ಣಿನಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದರೂ ಅವರು ನಂಬಿರಲಿಲ್ಲ. ನನ್ನ ಸಂಶಯವಿದ್ದದ್ದು ಹಳದಿಗಟ್ಟಿದ ಹೆಡ್‌ಲೈಟುಗಳ ಮೇಲೆ.

ಇಂದು ಮಧ್ಯಾಹ್ನ ಮಣ್ಣಗುಡ್ಡದ ನಮ್ಮ ಅಂಗಳದಲ್ಲಿ, ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಅವುಗಳನ್ನು ಉಜ್ಜತೊಡಗಿದೆ. ಮೊದಲ ಸುತ್ತಿಗೇ ದೀಪದ ಮುಖ ಮಜ್ಜಿಗೆಯಂತೆ ಬೆಳ್ಳಗಾಯಿತು.

"ಎಂತ ಮಾರಾಯ್ತಿ, ಇದ್ದ ಬೆಳಕನ್ನೂ ತೆಗೆದೆಯಲ್ಲ! ಕಾಲೇಜಿಗೇ ಫಸ್ಟ್ ಬಂದದ್ದು ಇದಕ್ಕಾ?" ಎಂದರು ಅಮ್ಮ.

"ಫಸ್ಟ್ ಬಂದವಳು ಅರ್ಧಕ್ಕೆ ಬಿಡುವುದಿಲ್ಲ ಅಮ್ಮಾ," ಎಂದೆ. ಒಳಗೊಳಗೇ ಭಯವಿತ್ತು.

ಇನ್ನೂ ನಯವಾದ ಕಾಗದದಲ್ಲಿ ಉಜ್ಜಿ, ಪಾಲಿಶ್ ಹಚ್ಚಿ ಒರೆಸುವಾಗ ಸಂಜೆಯಾಯಿತು. ಎರಡೂ ದೀಪಗಳು ತಿಳಿಯಾದವು. ಕತ್ತಲಾದ ಮೇಲೆ ಅಮ್ಮ ಕಾರಿನಲ್ಲಿ ಕುಳಿತು ದೀಪ ಹಾಕಿದರು. ಎದುರಿನ ಕಾಂಪೌಂಡ್ ಗೋಡೆ ಹಗಲಿನಷ್ಟೇ ಸ್ಪಷ್ಟವಾಗಿ ಕಂಡಿತು.

ಅಮ್ಮ ಗೋಡೆಯನ್ನೇ ದಿಟ್ಟಿಸಿದರು. "ಹಾಗಾದ್ರೆ ನನ್ನ ಕಣ್ಣು ಸರಿ ಉಂಟು. ನಾಳೆ ಸಂಗೀತಕ್ಕೆ ಹೋಗ್ತೇನೆ."

ನಾನು ಹೊಗಳಿಕೆಗಾಗಿ ಕಾದು ನಿಂತೆ. ಅವರ ದೃಷ್ಟಿ ಇನ್ನೂ ಗೋಡೆಯ ಮೇಲೆಯೇ ಇತ್ತು.

"ಅಬ್ಬಾ, ಎಷ್ಟು ಪಾಚಿ! ಆ ಪೇಪರ್ ಉಳಿದುಂಟಲ್ಲ? ನಾಳೆ ಇದನ್ನೂ ಉಜ್ಜು."

ದಯವಿಟ್ಟು ದೀಪ ಆರಿಸಬೇಕೆಂದು ವಿನಂತಿಸಿಕೊಂಡೆ.